ಬೀಗ ಹಾಕಿದ ಹತ್ತು ನೆನಪು

ಮುಕುಂದ ಮಾಡಿದ ಮೊದಲ ಕೊಲೆ ಶಾಂಭವಿಗೆ ಒಗೆದ ಬಟ್ಟೆ ಮಡಿಚಿಟ್ಟಂತೆ ಅನ್ನಿಸಿತ್ತು. ಎರಡನೆಯದು, ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಕೊನೆಯ ಕಟ್ಟು ತಿದ್ದಿ ಮುಗಿಸಿ ಪೆನ್ನಿಗೆ ಕ್ಯಾಪು ಹಾಕಿದಂತೆ. ಮೂರನೆಯದು, ಬಾಡಿಗೆ ಮನೆ ಖಾಲಿ ಮಾಡಿದ ದಿನ ಗುಡಿಸಿಟ್ಟ ಬರಿ ಕೋಣೆಯಲ್ಲಿ ಒಬ್ಬಳೇ ನಿಂತಂತೆ.

ವರದಿಯಲ್ಲೂ ಅವಳು ಹಾಗೆಯೇ ಬರೆದಳು. ಮೇಲಿನವರಿಗೆ ಅದು ಹಿಡಿಸಲಿಲ್ಲ. ಮೂವರು ಹೆಂಗಸರನ್ನು ಅವರವರ ಮನೆಯಲ್ಲೇ ಉಸಿರುಗಟ್ಟಿಸಿ ಕೊಂದವನ ತಲೆಯೊಳಗೆ ಒಂದು ಬೆಂಕಿ ಇರಬೇಕು, ಚಿಕ್ಕಂದಿನ ಏನೋ ಗಾಯ ಇರಬೇಕು ಎಂದು ಅವರು ಕಾದಿದ್ದರು. ಬಟ್ಟೆ ಮಡಿಚಿದ ಸಮಾಧಾನವನ್ನು ಯಾವ ಕೋಷ್ಟಕದಲ್ಲಿ ಸೇರಿಸುವುದೆಂದು ಅವರಿಗೆ ತಿಳಿಯಲಿಲ್ಲ.

ಧಾರವಾಡದ ಹೊರಗೆ, ಬೆಳಗಾವಿ ರಸ್ತೆಯಿಂದ ಸ್ವಲ್ಪ ಒಳಗೆ, ಸ್ಮೃತಿ ಪರೀಕ್ಷಾ ಕೇಂದ್ರ ಶುರುವಾಗಿ ಆರು ವರ್ಷವಾಗಿತ್ತು. ಅಲ್ಲಿದ್ದ ಯಂತ್ರಕ್ಕೆ ಕಾಗದಪತ್ರಗಳಲ್ಲಿ ಉದ್ದನೆಯ ಹೆಸರಿತ್ತು. ಕೇಂದ್ರದವರು ಅದನ್ನು ಕುಲಾವಿ ಎಂದು ಕರೆಯುತ್ತಿದ್ದರು, ಏಕೆಂದರೆ ತಲೆಗೆ ಹಾಕಿಕೊಳ್ಳುವ ಭಾಗ ಎಳೆ ಕೂಸಿನ ಟೋಪಿಯ ಹಾಗೆ ಕಿವಿಯ ಮೇಲೆ ಇಳಿದು ಗದ್ದದ ಕೆಳಗೆ ಕಟ್ಟಿಕೊಳ್ಳುತ್ತಿತ್ತು.

ಒಬ್ಬರ ನೆನಪನ್ನು ಚಿತ್ರದಂತೆ ತೆಗೆದು ಇನ್ನೊಬ್ಬರಿಗೆ ತೋರಿಸಲು ಆಗುವುದಿಲ್ಲ. ಪ್ರತಿಯೊಂದು ಮಿದುಳೂ ತನ್ನದನ್ನು ತನ್ನದೇ ರೀತಿಯಲ್ಲಿ ಎತ್ತಿಟ್ಟುಕೊಂಡಿರುತ್ತದೆ. ಆದರೆ ನೆನಪಾಗುವ ಹೊತ್ತಿಗೆ ಎದೆ ಹೇಗೆ ಬಡಿಯಿತು, ಸುತ್ತಲಿನ ಜಾಗ ಎಷ್ಟು ದೊಡ್ಡದಿತ್ತು, ಕೈಯಲ್ಲಿ ಏನಿತ್ತು, ಪಕ್ಕದಲ್ಲಿ ಯಾರಿದ್ದರು ಎಂಬುದೆಲ್ಲ ಕೂಡಿ ಒಂದು ಆಕಾರ ಮೂಡುತ್ತದೆ. ಅದನ್ನು ಅಳೆಯಬಹುದು. ಕುಲಾವಿ ಆರೋಪಿಯ ತಲೆಯಲ್ಲಿ ಆ ಆಕಾರವನ್ನು ಅಳೆದು, ಇನ್ನೊಂದು ಕುಲಾವಿ ತೊಟ್ಟು ಕೂರುವ, ಕೇಳುಗರೆಂಬ ನೌಕರರ ನೆನಪುಗಳಲ್ಲಿ ಅದಕ್ಕೆ ತೀರ ಹತ್ತಿರದ್ದು ಯಾವುದೋ ಅದನ್ನು ಹುಡುಕಿ ಎಬ್ಬಿಸುತ್ತಿತ್ತು. ಕೊಲೆಗಾರನಿಗೆ ಆದದ್ದನ್ನು ಕೇಳುಗರು ತಮ್ಮ ಬದುಕಿನ ಒಂದು ತುಣುಕಿನ ಮೂಲಕ ತಿಳಿಯಬೇಕು. ಅದಕ್ಕೆಂದೇ ಶಾಂಭವಿ ಕೆಲಸಕ್ಕೆ ಸೇರುವಾಗ ತನ್ನ ನಾನೂರ ಹನ್ನೆರಡು ನೆನಪುಗಳನ್ನು ಒಂದೊಂದಾಗಿ ಹೇಳಿ ಯಂತ್ರಕ್ಕೆ ಒಪ್ಪಿಸಿದ್ದಳು. ಆಗ ಅವಳಿಗೆ ನಲವತ್ತೆಂಟು. ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸಿ ಬೇಸತ್ತು ಬಂದವಳು, ಹೊಸ ಕೆಲಸವೆಂದು ಉಮೇದಿನಿಂದಲೇ ಒಪ್ಪಿಸಿದ್ದಳು.

ಹೀಗೆ ಎಬ್ಬಿಸಿದ ನೆನಪು ಮತ್ತೆ ಮೊದಲಿನಂತೆ ಮಲಗುವುದಿಲ್ಲ ಎಂಬುದು ಗೊತ್ತಾದದ್ದು ಆಮೇಲೆ. ಅದಕ್ಕೆ ಕೊಲೆಗಾರನ ಹೊತ್ತು ಅಂಟಿಕೊಂಡುಬಿಡುತ್ತಿತ್ತು. ಮುಕುಂದನ ಮೊದಲ ಪರೀಕ್ಷೆಯ ಮರುದಿನ ಹಗ್ಗದ ಮೇಲಿನ ಬಟ್ಟೆ ತಂದು ಮಡಿಚಲು ಕುಳಿತ ಶಾಂಭವಿ, ಎರಡನೆಯ ಸೀರೆಗೆ ಎದ್ದು ಹೋಗಿ ಬಚ್ಚಲಲ್ಲಿ ವಾಂತಿ ಮಾಡಿಕೊಂಡಿದ್ದಳು. ಅಂದಿನಿಂದ ಮನೆಯ ಬಟ್ಟೆಗಳನ್ನು ಗಂಡ ಅಡಿವೆಪ್ಪನೇ ಮಡಿಚುತ್ತಿದ್ದ, ಅವಳು ಕಾಣದ ಹೊತ್ತು ನೋಡಿ. ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದು ನಿವೃತ್ತನಾದವನು ಅವನು. ಅಂಗಿಯ ತೋಳುಗಳನ್ನು ಹಿಂದಕ್ಕೆ ಕಟ್ಟಿ ಡ್ರಿಲ್ಲಿನ ವಿಶ್ರಾಮದಲ್ಲಿ ನಿಲ್ಲಿಸಿದ ಹಾಗೆ ಮಡಿಚಿಡುತ್ತಿದ್ದ.

ರಾಜ್ಯದಲ್ಲಿ ಮೂವರು ಕೇಳುಗರಿದ್ದರು. ಒಬ್ಬರು ರಾಜೀನಾಮೆ ಕೊಟ್ಟರು. ಇನ್ನೊಬ್ಬರು ಚಿಕಿತ್ಸೆಯಲ್ಲಿದ್ದರು. ಮುಕುಂದನ ಪ್ರಕರಣ ಬರುವ ಹೊತ್ತಿಗೆ ಉಳಿದವಳು ಶಾಂಭವಿ ಒಬ್ಬಳೇ. ಅವಳಿಗೆ ನೀತಿ, ಆಕ್ರೋಶ, ಕುತೂಹಲ ಎಲ್ಲ ತೀರಿದ್ದವು. ಬೆಳಿಗ್ಗೆ ಎದ್ದು ಬಸ್ಸು ಹಿಡಿಯುವಷ್ಟು ಶಕ್ತಿ ಮಾತ್ರ ಇತ್ತು.

ಮುಕುಂದನಿಗೆ ಐವತ್ತಾರು. ಗದಗಿನ ಕಡೆಯ ಕಣವಿಹಾಳ ಎಂಬ ಊರಿನಲ್ಲಿ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿ ಬರೆದುಕೊಳ್ಳುತ್ತಿದ್ದವನು. ಊರಿನವರಿಗೆ ಅವನ ಮುಖ ಗೊತ್ತಿತ್ತೇ ಹೊರತು ಅವನನ್ನು ಯಾರೂ ಗಮನಿಸಿರಲಿಲ್ಲ. ನಾಲ್ಕು ವರ್ಷಗಳಲ್ಲಿ ಮೂವರನ್ನು ಕೊಂದ. ನಂತರ ಹದಿನೈದು ವರ್ಷ ಏನೂ ಮಾಡಲಿಲ್ಲ. ಮೂರು ವರ್ಷದ ಹಿಂದೆ ಬೇರೆ ಯಾವುದೋ ಹೊಡೆದಾಟದಲ್ಲಿ ಅವನ ರಕ್ತ ಪರೀಕ್ಷೆಗೆ ಹೋದಾಗ ಕೊಲೆಗಳ ಜಾಗದಲ್ಲಿ ಸಿಕ್ಕಿದ್ದ ಹಳೆಯ ಗುರುತಿಗೆ ಅದು ಕೂಡಿಬಂತು. ಕೇಳಿದ್ದಕ್ಕೆಲ್ಲ ಒಪ್ಪಿಕೊಂಡ. ಕೊಲ್ಲುವುದನ್ನು ನಿಲ್ಲಿಸಿದ್ದೇಕೆ ಎಂದರೆ ಮಾತ್ರ ಸುಮ್ಮನಾಗುತ್ತಿದ್ದ.

ಆ ಹದಿನೈದು ವರ್ಷದ ಆರಂಭದಲ್ಲಿ ಅದೇ ಊರಿನ ನೀಲವ್ವ ಬಡಿಗೇರ ಎಂಬ ಮೂವತ್ತನಾಲ್ಕರ ಹೆಂಗಸು ಕಾಣೆಯಾಗಿದ್ದಳು. ರವಿಕೆ ಹೊಲಿದು ಬದುಕುತ್ತಿದ್ದವಳು. ಅವಳು ಕಾಣೆಯಾದ ದಿನ ಮಧ್ಯಾಹ್ನ ಅವಳ ಮನೆಯ ಮೀಟರ್ ಬರೆದವನು ಮುಕುಂದ.

"ಅಕಿ ಗೊತ್ತಿಲ್ರಿ," ಎನ್ನುತ್ತಿದ್ದ ಅವನು. ಮೂರು ತಿಂಗಳಿಂದ ಕುಲಾವಿಯಿಂದಲೂ ಏನೂ ಸಿಕ್ಕಿರಲಿಲ್ಲ. ನೀಲವ್ವನ ಫೋಟೋ ತೋರಿಸಿದಾಗ ಅವನೊಳಗೆ ಏನೋ ಆಕಾರ ಏಳುತ್ತಿತ್ತು, ಆದರೆ ಶಾಂಭವಿಯ ನಾನೂರ ಹನ್ನೆರಡರಲ್ಲಿ ಯಂತ್ರಕ್ಕೆ ಹುಡುಕಲು ಬಿಟ್ಟಿದ್ದ ಯಾವುದೂ ಅದರ ಹತ್ತಿರ ಬರುತ್ತಿರಲಿಲ್ಲ. ಪರದೆಯ ಮೇಲೆ ಪ್ರತಿಸಲವೂ ಬರುತ್ತಿದ್ದದ್ದು ಎರಡೇ ಪದ: ಹೊಂದಿಕೆ ಇಲ್ಲ.

ಗುರುವಾರ ಮಧ್ಯಾಹ್ನ ಇಮ್ತಿಯಾಜ್ ನದಾಫ್ ಅವಳ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದ. ಯಂತ್ರ ನಡೆಸುವ ಎಂಜಿನಿಯರು ಅವನು, ಮಾತು ಕಡಿಮೆ.

"ಅಕ್ಕಾರ, ಒಂದು ತಪ್ಪು ಮಾಡೀನ್ರಿ."

"ಏನು?"

"ನಿಮ್ಮ ಬೀಗದ ನೆನಪು ಅದಾವಲ್ರಿ, ಹತ್ತು. ಅದರಾಗ ಹುಡಕಬಾರದು ಅಂತ ನಿಯಮ ಐತಿ. ಎಬ್ಬಿಸಲಿಲ್ಲ, ಬರೇ ಅಳತಿ ಕೂಡಿಸಿ ನೋಡಿದ್ನಿ." ಅವನು ನೆಲ ನೋಡಿದ. "ನೀಲವ್ವನ ಆಕಾರ ಅದರಾಗಿನ ಒಂದಕ್ಕ, ನೂರಕ್ಕ ತೊಂಬತ್ತೊಂದು ಕೂಡತೈತ್ರಿ."

ಪ್ರತಿ ಕೇಳುಗರಿಗೂ ತಾವು ಒಪ್ಪಿಸಿದವುಗಳಲ್ಲಿ ಹತ್ತು ನೆನಪುಗಳಿಗೆ ಬೀಗ ಹಾಕುವ ಹಕ್ಕಿತ್ತು. ಅವನ್ನು ಯಂತ್ರ ಮುಟ್ಟುವಂತಿಲ್ಲ. ತೆರೆಯುವುದಾದರೆ ಅವರೇ ಹೆಬ್ಬೆಟ್ಟು ಒತ್ತಿ ತೆರೆಯಬೇಕು.

"ಯಾವುದಕ್ಕ?"

"ಏಳನೇದಕ್ಕ್ರಿ."

ಏಳನೆಯದು ಚಿನ್ಮಯಿಯದು. ಶಾಂಭವಿಯ ಮಗಳು. ಆರು ವರ್ಷ ತುಂಬಿ ಎರಡು ತಿಂಗಳಿಗೆ ಮಿದುಳು ಜ್ವರದಲ್ಲಿ ಹೋದವಳು, ಇಪ್ಪತ್ತೆರಡು ವರ್ಷದ ಹಿಂದೆ.

"ಇದನ್ನ ಮ್ಯಾಲಿನವ್ರಿಗೆ ಹೇಳಿದಿಯೇನು?"

"ಇಲ್ರಿ. ನೀವು ಬ್ಯಾಡ ಅಂದ್ರ ಅಳಿಸಿಬಿಡ್ತೀನಿ. ನಾ ನೋಡೇ ಇಲ್ಲ."

"ಅಳಿಸಬ್ಯಾಡ," ಎಂದಳು. "ಸೋಮವಾರ ಹೇಳ್ತೀನಿ."

ಮನೆಗೆ ಬಂದಾಗ ಸಂಜೆ ಆರು. ಅಡಿವೆಪ್ಪ ಖೋಖೋ ಹುಡುಗಿಯರಿಗೆ ತರಬೇತಿ ಕೊಟ್ಟು ಬಂದು, ಕಾಲಿನ ಕೆಂಪು ಮಣ್ಣು ತೊಳೆಯುತ್ತಿದ್ದ. ಅವಳು ಚಹಾ ಮಾಡಿ ತಂದು ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. ಅವನು ಬಟ್ಟಲು ಕೆಳಗಿಟ್ಟ.

"ಟಾಕಿ ಕೆಳಗಿಂದು?"

"ಹೂಂ."

ಚಿನ್ಮಯಿಗೆ ಐದು ವರ್ಷವಿದ್ದಾಗ, ಒಂದು ಭಾನುವಾರ, ಆಗಿನ್ನೂ ಹೊಸದಾಗಿದ್ದ ಊರ ನೀರಿನ ಟಾಕಿಯನ್ನು ನೋಡಲು ಮೂವರೂ ಹೋಗಿದ್ದರು. ಟಾಕಿಯ ಕೆಳಗೆ ನಿಂತು ಕೂಗಿದರೆ ದನಿ ತಿರುಗಿ ಬರುತ್ತಿತ್ತು. ಮಗು ತನ್ನ ಹೆಸರನ್ನೇ ಕೂಗಿತು. ಮೇಲಿನಿಂದ ಯಾರೋ ಅದೇ ಹೆಸರು ಕರೆದಾಗ ಬೆಚ್ಚಿ ತಾಯಿಯ ಕೈ ಹಿಡಿಯಿತು. ಅಷ್ಟೇ ನೆನಪು. ಅದರಲ್ಲಿ ಏನೂ ನಡೆಯುವುದಿಲ್ಲ. ಆ ಹಿಡಿತ ಮಾತ್ರ ಇದೆ.

"ಸತ್ತಾಕಿ ಸತ್ತಾಳ," ಎಂದ ಅಡಿವೆಪ್ಪ. "ಇನ್ನ ಅಕೀನ ಹುಡುಕಿ ಏನ್ ಮಾಡ್ತಾರ?"

"ಸತ್ತಾಳಂತ ಯಾರೂ ನಂಬಿಲ್ರಿ. ಓಡಿ ಹೋಗ್ಯಾಳ ಅಂತಾರ. ಗಂಡನ ಮನಿಯವ್ರು ರೇಷನ್ ಕಾರ್ಡಿನಾಗಿಂದ ಹೆಸರು ತೆಗಿಸ್ಯಾರ."

"ನಮ್ಮ ಕೂಸಿಂದು ನಿನ್ನ ಹಂತ್ಯಾಕ ಎಷ್ಟ ಉಳದಾವ?"

ಆಸ್ಪತ್ರೆಯ ಹನ್ನೊಂದು ದಿನಗಳು ಬೇಕಾದಷ್ಟು ಸ್ಪಷ್ಟವಾಗಿದ್ದವು. ಉಳಿದ ಆರು ವರ್ಷಗಳು ಫೋಟೋಗಳಾಗಿ, ಫ್ರಾಕುಗಳಾಗಿ, ಇತರರು ಹೇಳಿದ ಮಾತುಗಳಾಗಿ ಹೋಗಿದ್ದವು.

"ಆ ಕೂಸು ನನ್ನ ಮುಟ್ಟಿದ್ದು ಅಂತ ಮೈಗೆ ನೆನಪಿರೂವು ನಾಕ್ರಿ. ನಾಕಕ್ಕೂ ಬೀಗ ಹಾಕೀನಿ."

ಅವನು ಎದ್ದು ಒಳಗೆ ಹೋದ. ಮತ್ತೆ ಮೂರು ದಿನ ಅದರ ಮಾತೆತ್ತಲಿಲ್ಲ. ಸೋಮವಾರ ಬೆಳಿಗ್ಗೆ ಅವಳು ಬಸ್ಸಿಗೆ ಹೊರಟಾಗ ಸ್ಕೂಟರ್ ತೆಗೆದ. ಕೇಂದ್ರದ ಗೇಟಿನ ಮುಂದೆ ನಿಲ್ಲಿಸಿ, ಅವಳ ಮುಖ ನೋಡದೆ, "ನೀ ಏನ್ ಮಾಡಿದ್ರೂ ಸಂಜೀಕ ಕರಕೊಂಡು ಹೋಗಾಕ ಬರ್ತೀನಿ," ಎಂದು ತಿರುಗಿಸಿಕೊಂಡು ಹೋದ.

ಗೇಟಿನ ಒಳಗೆ ಬೇವಿನ ಗಿಡದ ಕೆಳಗೆ ಈರವ್ವ ಕುಳಿತಿದ್ದಳು. ನೀಲವ್ವನ ಅಕ್ಕ. ಪ್ರತಿ ಸೋಮವಾರ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಅವಳಿಗೆ ಯಾರೂ ಬಾ ಎಂದಿರಲಿಲ್ಲ, ಬರಬೇಡ ಎಂದೂ ಹೇಳಿರಲಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಅವಳದು, ಬೆರಳುಗಳು ಸುಟ್ಟಂತೆ ಕೆಂಪಗಿದ್ದವು. ಮಾತಿಗೊಮ್ಮೆ ಕೆಮ್ಮುತ್ತಿದ್ದಳು. ಶಾಂಭವಿ ಅವಳ ಪಕ್ಕದಲ್ಲಿ ಕುಳಿತಳು.

"ಏನರ ಗೊತ್ತಾತೇನ್ರಿ ಬಾಯಾರ?"

"ಇನ್ನೂ ಇಲ್ಲ."

"ಗೊತ್ತಾಗಲಿಲ್ಲಂದ್ರ ಇಲ್ರಿ. ನಾ ಬರೂದು ಬರ್ತೀನಿ." ಕೆಮ್ಮಿದಳು. "ನಮ್ಮವ್ವ ಸಾಯೂಮುಂದನೂ ಅಕೀ ಸುದ್ದಿ ಎತ್ತಲಿಲ್ರಿ. ಬಿಟ್ಟು ಹೋದಾಕಿ ಅಂತ ಸಿಟ್ಟಿತ್ರಿ ಆಕೀಗೆ. ನನಗೂ ಒಮ್ಮೊಮ್ಮೆ ಅನಸ್ತಿತ್ತು, ಖರೇನ ಹೋಗ್ಯಾಳೇನು ಅಂತ. ನಾ ಹಂಗ ಅನಕೊಂಡ್ನೆಲ್ರಿ, ಅದ ನನಗ ಸಂಕಟ. ಎಲುಬು ಸಿಕ್ರೂ ಸಾಕ್ರಿ. ಅಕಿ ಓಡಿ ಹೋಗಿಲ್ಲಂತ ಓಣ್ಯಾಗ ನಿಂತು ಹೇಳಬೇಕ್ರಿ ನಾನು."

ಶಾಂಭವಿ ಎದ್ದು ಒಳಗೆ ಹೋಗಿ, ಇಮ್ತಿಯಾಜನಿಗೆ ಯಂತ್ರ ಸಿದ್ಧಮಾಡಲು ಹೇಳಿದಳು.

ಎರಡು ಕೋಣೆ, ನಡುವೆ ಗಾಜು. ಆ ಕಡೆ ಮುಕುಂದ, ಇಬ್ಬರು ಪೊಲೀಸರು. ಕಾನೂನಿನಂತೆ ಅವನ ಒಪ್ಪಿಗೆ ಬೇಕಿತ್ತು. ಅವನು ಪ್ರತಿಸಲವೂ ಒಪ್ಪುತ್ತಿದ್ದ, ಜೈಲಿನಿಂದ ಇಲ್ಲಿಯವರೆಗೆ ವ್ಯಾನಿನಲ್ಲಿ ರಸ್ತೆ ನೋಡುತ್ತ ಬರಬಹುದು ಎಂದು.

"ಬೆನ್ನ ನೋವು ಭಾಳ ಆಗೈತ್ರಿ ಮೇಡಂ," ಎಂದ ಮೈಕಿನಲ್ಲಿ. "ಈ ಕುರ್ಚಿ ಬದಲ್ ಮಾಡ್ಸಿರಿ. ಚಾನೂ ಆರಿತ್ತು."

"ಹೇಳ್ತೀನಿ," ಎಂದಳು ಶಾಂಭವಿ. ಅವನ ಮೇಲೆ ಅವಳಿಗೆ ದ್ವೇಷ ಬಂದು ಹೋಗಿ ಬಹಳ ದಿನವಾಗಿತ್ತು. ಎದುರಿಗಿದ್ದದ್ದು ಬೆನ್ನು ನೋಯುವ ಒಬ್ಬ ಮನುಷ್ಯ, ಅಷ್ಟೇ. ಅದೇ ಅವಳನ್ನು ದಣಿಸಿದ್ದು.

ಇಮ್ತಿಯಾಜ್ ಸಣ್ಣ ಫಲಕವನ್ನು ಮುಂದೆ ಹಿಡಿದ. ಅವಳು ಹೆಬ್ಬೆಟ್ಟು ಒತ್ತಿದಳು.

"ಮುಕುಂದ, ನೀಲವ್ವನ್ನ ನೆನಸ್ಕೊ."

"ಗೊತ್ತಿಲ್ಲಂತ ಹೇಳೀನೆಲ್ರಿ..."

ಗಾಜಿನ ಮೇಲೆ ನೀಲವ್ವನ ಫೋಟೋ ಮೂಡಿತು.

ಟಾಕಿಯ ಕೆಳಗಿನ ತಂಪು ಮೊದಲು ಬಂತು. ಹಸಿ ಸಿಮೆಂಟಿನ ವಾಸನೆ. ಎಲ್ಲೋ ನೀರು ತೊಟ್ಟಿಕ್ಕುವ ಸಪ್ಪಳ. ಚಿನ್ಮಯಿ ಕತ್ತು ಹಿಂದಕ್ಕೆ ಚಾಚಿ ತನ್ನ ಹೆಸರು ಕೂಗಿದಳು. ಹೆಸರು ಮೇಲೆ ಹೋಗಿ, ಸುತ್ತಿ, ಕೆಳಗೆ ಬಂತು. ಮಗುವಿನ ಕೈ ಬಂದು ಅವಳ ಕೈ ಹಿಡಿಯಿತು, ಬೆವರಿದ ಪುಟ್ಟ ಬೆರಳುಗಳು. ಶಾಂಭವಿ ಅದನ್ನು ಎಷ್ಟು ಸಾಧ್ಯವೋ ಅಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಹಿಡಿದಿದ್ದಂತೆಯೇ ಆ ಕೈ ದೊಡ್ಡದಾಯಿತು. ಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿತ್ತು. ಗಾಜಿನ ಬಳೆ ಅವಳ ಮಣಿಕಟ್ಟಿಗೆ ಒತ್ತಿತು. ಬಿಡದ ಹಿಡಿತ. ಮೇಲಿನಿಂದ ಕೇಳುತ್ತಿದ್ದ ಹೆಸರು ಚಿನ್ಮಯಿಯದಾಗಿರಲಿಲ್ಲ.

ಆಗ ಹೆದರಿಕೆ ಬಂತು. ಅದು ನೀಲವ್ವನದಲ್ಲ, ತನ್ನದೂ ಅಲ್ಲ ಎಂಬುದು ಶಾಂಭವಿಗೆ ಸ್ಪಷ್ಟವಾಗಿ ಗೊತ್ತಾಯಿತು.

"ಸಾಕ್ರಿ!" ಗಾಜಿನಾಚೆ ಮುಕುಂದ ಕಿರುಚಿದ. "ತಗೀರಿ ಇದನ್ನ! ಒಲ್ಲೆ ನಾನು, ಒಲ್ಲೆ!"

ಆರೋಪಿ ಒಲ್ಲೆನೆಂದ ಮೇಲೆ ಒಂದು ಕ್ಷಣವೂ ನಡೆಸುವಂತಿಲ್ಲ. ಇಮ್ತಿಯಾಜ್ ನಿಲ್ಲಿಸಿದ. ಎಲ್ಲ ಸೇರಿ ನಲವತ್ತೊಂದು ಸೆಕೆಂಡು.

ಅವಳು ಕುಲಾವಿ ಬಿಚ್ಚಿ, ನೀರು ಕುಡಿದು, ಆ ಕೋಣೆಗೆ ಹೋದಳು. ಮುಕುಂದ ಮೊಣಕಾಲ ಮೇಲೆ ಕೈ ಊರಿಕೊಂಡು ಉಸಿರುಬಿಡುತ್ತಿದ್ದ.

"ನೀರಿನ ಟಾಕಿ," ಎಂದಳು. "ಅದರ ಕೆಳಗ ಕರಕೊಂಡು ಹೋದಿ. ಅಲ್ಲಿ ಪಂಪಿನ ಮೀಟರ್ ಇರತೈತಿ, ಒಳಗ ಹೋಗೂ ಕೀಲಿ ಮೀಟರ್ ಬರಿಯಾವನ ಹಂತ್ಯಾಕ ಇರತೈತಿ."

ಅವನು ತಲೆಯೆತ್ತಲಿಲ್ಲ.

"ಟಾಕಿ ನೋಡ್ತೀನಿ ಅಂತ ಅಕೀನ ಬಂದ್ಲ್ರಿ," ಎಂದ ಕೊನೆಗೆ. "ಉಳದಾವ್ರು ಯಾರೂ ನನ್ನ ನೋಡಲಿಲ್ರಿ ಮೇಡಂ. ಹಿಂದಿಂದ ಹೋಗಿದ್ನಿ. ಮುಗೀತಿತ್ತು, ಮನಸ್ಸು ಹಗರಾಗ್ತಿತ್ತು. ಇಕಿ ತಿರುಗಿ ನೋಡಿದ್ಲು. ಮುಕುಂದಣ್ಣ, ನೀನಾ? ಅಂದ್ಲು. ಅಂದು ಕೈ ಹಿಡಕೊಂಡ್ಲು. ಮೇಲಿಂದ ಅದ ದನಿ ಮತ್ತ ಬಂತು, ಮುಕುಂದಣ್ಣಾ ಅಂತ. ಆಮ್ಯಾಲೆ ನನಗ ಯಾವುದರಾಗೂ ಮನಸ್ಸು ಹತ್ತಲಿಲ್ರಿ."

"ಅಕೀ ಬಗ್ಗೆ ಕೆಡಕು ಅನಸ್ತೈತೇನು?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ಅಕೀ ಬಗ್ಗೆ ಅಲ್ರಿ. ನನಗ ಅಂಜಿಕಿ ಬಂತು. ಯಾರೋ ಅದಾರ ಅಂತ ಗೊತ್ತಾತಲ್ರಿ."

ಶಾಂಭವಿ ಅವನನ್ನು ನೋಡಿದಳು. ಬಟ್ಟೆ ಮಡಿಚಿದ್ದು, ಪತ್ರಿಕೆ ತಿದ್ದಿದ್ದು, ಖಾಲಿ ಕೋಣೆ. ಅವಳ ನೆನಪುಗಳಲ್ಲಿ ಯಂತ್ರ ಆರಿಸಿದ್ದೆಲ್ಲ ಅವಳು ಒಬ್ಬಳೇ ಇದ್ದ ಹೊತ್ತುಗಳು. ಮೂವರು ಹೆಂಗಸರ ಮನೆಗೆ ಹೋದಾಗಲೂ ಇವನ ಲೆಕ್ಕದಲ್ಲಿ ಅಲ್ಲಿ ಇದ್ದವನು ಇವನೊಬ್ಬನೇ. ನಾಲ್ಕನೆಯ ಸಲ ಇನ್ನೊಬ್ಬರಿದ್ದರು. ಅದು ಗೊತ್ತಾದ ಮೇಲೂ ಕೈ ಬಿಡಿಸಿಕೊಂಡು ಕೊಂದಿದ್ದ. ಇದನ್ನು ಪಶ್ಚಾತ್ತಾಪ ಎಂದು ಕರೆಯಲು ಅವಳಿಗೆ ಮನಸ್ಸಾಗಲಿಲ್ಲ.

ಮುಕುಂದನ ಓಡಾಟದಲ್ಲಿದ್ದ ಎರಡು ಟಾಕಿಗಳಲ್ಲಿ ಒಂದನ್ನು ನೀಲವ್ವ ಕಾಣೆಯಾದ ವರ್ಷವೇ ಬಳಕೆಯಿಂದ ಕೈಬಿಟ್ಟಿದ್ದರು. ಬುಧವಾರ ಅದರ ಕೆಳಗಿನ ವಾಲ್ವಿನ ಗುಂಡಿಯ ಮೇಲಿದ್ದ ಚಪ್ಪಡಿ ಎತ್ತಿದರು. ಎಲುಬು ಸಿಕ್ಕವು, ಬಳೆಚೂರು ಸಿಕ್ಕವು. ಹೊಲಿಗೆಯವರು ಕೊರಳಿಗೆ ಹಾಕಿಕೊಳ್ಳುವ ಅಳತೆಯ ಟೇಪು ಸಿಕ್ಕಿತು, ಅಂಕಿಗಳು ಅಳಿಸಿರಲಿಲ್ಲ.

ಮುಂದಿನ ಸೋಮವಾರ ಈರವ್ವ ಬಂದಾಗ ಶಾಂಭವಿಯೇ ಹೇಳಿದಳು. ಈರವ್ವ ಅಳಲಿಲ್ಲ.

"ಇದನ್ನ ಕಾಗದದಾಗ ಬರದು, ಶಿಕ್ಕಾ ಹೊಡದು ಕೊಡ್ರಿ," ಎಂದಳು. "ಎಲ್ಲಾರ ಮುಂದ ಓದಿಸ್ತೀನಿ." ಆಮೇಲೆ, "ಭಾಳ ಅಂಜಿದ್ಲೇನ್ರಿ?"

"ಅದು ಗೊತ್ತಾಗೂದಿಲ್ಲವ್ವ. ಅಂವಂದು ಅಷ್ಟ ಗೊತ್ತಾಗತೈತಿ ಈ ಯಂತ್ರಕ್ಕ. ಅಂವನ ಹೆಸರು ಹಿಡದು ಕರದಿದ್ಲು, ಅಣ್ಣ ಅಂತ. ಕೈ ಹಿಡದಿದ್ಲು. ಅಂವ ಅಂಜಿದ್ದ."

"ಅಕಿ ಹಂಗ. ಯಾರನ್ನೂ ಅಣ್ಣ ಅನ್ನದ ಮಾತಾಡಿಸಿದಾಕಿ ಅಲ್ಲ." ಅಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೆಮ್ಮು ಎಂದು ತೋರುವಂತೆ ಅವಳ ಭುಜಗಳು ಅಲುಗಿದವು.

ಆ ವಾರ ಕೇಂದ್ರದ ನಿರ್ದೇಶಕರಾದ ಪೈಯವರು ಅವಳನ್ನು ಕರೆಸಿ ಬಹಳ ಹೊಗಳಿದರು. ಒಬ್ಬಂಟಿ ಹೊತ್ತಿನ ಆ ಆಕಾರಗಳನ್ನು ಬಳಸಿ ಒಂದು ಪರೀಕ್ಷೆ ತಯಾರಿಸೋಣ, ಶಾಲೆಗಳಲ್ಲೇ ಇಂಥವರನ್ನು ಮೊದಲೇ ಗುರುತಿಸಬಹುದಲ್ಲ ಎಂದರು.

"ಸರ್, ಆ ಆಕಾರ ಎಲ್ಲಾ ಸಿಕ್ಕಿದ್ದು ನನ್ನ ತಲಿಯಾಗ," ಎಂದಳು ಶಾಂಭವಿ.

ಪೈಯವರು ಅದು ತಮಾಷೆಯೋ ಅಲ್ಲವೋ ತಿಳಿಯದೆ ಅರ್ಧ ನಕ್ಕರು. ಅವಳು ಆರು ತಿಂಗಳ ರಜೆಯ ಅರ್ಜಿಯನ್ನು ಮೇಜಿನ ಮೇಲಿಟ್ಟು ಬಂದಳು.

ಸಂಜೆ ಕಟ್ಟೆಯ ಮೇಲೆ ಕುಳಿತು ಅವಳು ಕೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡಿದ್ದಳು. ಅಡಿವೆಪ್ಪ ಬಂದು ಒಂದು ಮೆಟ್ಟಿಲು ಕೆಳಗೆ ಕುಳಿತ.

"ಹೋತೇನು?" ಎಂದ.

"ಹೋಗಿಲ್ರಿ. ಟಾಕಿ ಐತಿ, ತಂಪೈತಿ. ಕೂಸಿನ ಮುಖಾನೂ ಕಾಣತೈತಿ. ಕೈ ಹಿಡದ ಕೂಡ್ಲೇ ನೀಲವ್ವ ಆಗ್ತಾಳ. ಎಷ್ಟ ಸಲ ಮಾಡಿದ್ರೂ ನೀಲವ್ವನ." ಅವಳ ದನಿಯಲ್ಲಿ ದೂರು ಇರಲಿಲ್ಲ. "ಅಕೀನ ಹಿಡದು ದೂಡಾಕೂ ಮನಸ್ಸಾಗೂದಿಲ್ಲ. ಹಿಡಕೊಳ್ಳಾಕ ಅಕೀಗೂ ಬ್ಯಾರೆ ಯಾರಿದ್ರು."

ಎದುರು ಮನೆಯವರು ಅಂಗಳಕ್ಕೆ ನೀರು ಹೊಡೆದು ಒಳಗೆ ಹೋದರು. ಮಗುವಿನ ವಿಷಯವನ್ನು ಅಡಿವೆಪ್ಪ ಇಪ್ಪತ್ತೆರಡು ವರ್ಷದಲ್ಲಿ ತಾನಾಗಿ ಎತ್ತಿದ್ದು ಅವಳಿಗೆ ನೆನಪಿರಲಿಲ್ಲ.

"ಅವತ್ತ ನಾ ದೂರ ಸೈಕಲ್ ಹಿಡಕೊಂಡು ನಿಂತಿದ್ನಿ," ಎಂದ ಕೊನೆಗೆ. "ನೀ ಅಕೀ ಕೈ ಬಿಟ್ಟು ಮುಂದ ಹೋದಿ, ಚಪ್ಪಲಿ ಹರದಿತ್ತು ನಿಂದು. ಅಕಿ ನನ್ನ ಕಡೆ ಓಡಿ ಬಂದ್ಲು. ಅಪ್ಪಾ, ಟಾಕಿ ಮ್ಯಾಲೆ ಇನ್ನೊಬ್ಬಾಕಿ ಚಿನ್ಮಯಿ ಅದಾಳ, ಅಕೀಗೆ ಇಳ್ಯಾಕ ಬರೂದಿಲ್ಲ, ಹಸದಾಳ ಅಂದ್ಲು."

ಶಾಂಭವಿ ಅವನ ಕಡೆ ತಿರುಗಿದಳು. ಇದು ಅವಳಿಗೆ ಗೊತ್ತೇ ಇರಲಿಲ್ಲ.

"ಆಮ್ಯಾಲೆ?"

"ಆಮ್ಯಾಲೆ ಏನು? ನನ್ನ ಚುರುಮುರಿ ಪೊಟ್ಟಣ ಕಸಗೊಂಡು ಕಂಬದ ಬುಡಕ ಇಟ್ಟು ಬಂದ್ಲು. ಅವ್ವಗ ಹೇಳಬ್ಯಾಡ, ಬೈತಾಳ ಅಂದ್ಲು. ನಾ ಹೇಳಲಿಲ್ಲ."

ಅವಳಿಗೆ ನಗು ಬಂತು. ಬಹಳ ದಿನಗಳಿಂದ ಬಳಸದ ನಗು, ಅರ್ಧಕ್ಕೆ ಒಡೆಯಿತು. ಅವನು ಅವಳ ಮುಖ ನೋಡಲಿಲ್ಲ. ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಕುಳಿತು ಮನೆಯವರೆಗೂ ಆ ಕೂಸು ಏನೇನು ಮಾತಾಡಿತು ಎಂದು ಒಂದೊಂದಾಗಿ ಹೇಳತೊಡಗಿದ.